ಪ್ರೆಸ್ಕಾಟ್ ಬರೆದ ಪೆರು ಇತಿಹಾಸ: ಆಲೂಗೆಡ್ಡೆ ಬೆಳೆಗಾರನೊಬ್ಬನ ಓದು

ಹಾಸನ ಸೀಮೆಯಲ್ಲಿ ಆಲೂಗೆಡ್ಡೆ ಬೆಳೆಯುವವರಿಗೆ ಇತಿಹಾಸದ ಪುಸ್ತಕ ಒಂದನ್ನು ಹೇಳು ಅಂದರೆ, ನಾನು ಅಮೆರಿಕದ ಇತಿಹಾಸಕಾರ ವಿಲಿಯಂ ಪ್ರೆಸ್ಕಾಟ್‌ನ ‘ಹಿಸ್ಟರಿ ಆಫ್ ದಿ ಕಾಂಕ್ವೆಸ್ಟ್ ಆಫ್ ಪೆರು’ ಹೆಸರು ಹೇಳುತ್ತೇನೆ. ಮೊದಲು ಅಚ್ಚಾದದ್ದು 1847ರಲ್ಲಿ. ಸ್ಪೇನಿನವರು ಪೆರುವಿನ ಇಂಕಾ ರಾಜ್ಯವನ್ನು ಗೆದ್ದ ಕಥೆ. ಕತ್ತಿ, ಕುದುರೆ, ಚಿನ್ನ ಎಲ್ಲ ಇದೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಯುದ್ಧ ಶುರುವಾಗುವ ಮೊದಲು ಬರುವ ಬೇಸಾಯದ ಪುಟಗಳು.

ನಾವು ಪ್ರತಿ ವರ್ಷ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗೆಡ್ಡೆಗೆ ಎಪಿಎಂಸಿಯಲ್ಲಿ ಕಾಯುತ್ತೇವೆ. ಪಂಜಾಬಿನ ಆಚೆಗೆ ಈ ಗೆಡ್ಡೆಯ ಬೇರು ಎಲ್ಲಿದೆ ಎಂದು ಯೋಚಿಸುವುದು ಕಡಿಮೆ. ಅದು ಪೆರುವಿನ ಆಂಡಿಸ್ ಬೆಟ್ಟಗಳಲ್ಲಿದೆ. ಎತ್ತರದ ಬಯಲುಗಳಲ್ಲಿ ಜನರಿಗೆ ಆಲೂಗೆಡ್ಡೆಯೇ ಮುಖ್ಯ ಆಹಾರವಾಗಿತ್ತು ಎಂದು ಪ್ರೆಸ್ಕಾಟ್ ಬರೆಯುತ್ತಾನೆ. ಬೆಟ್ಟದ ಇಳಿಜಾರನ್ನು ಕಡಿದು ಕಲ್ಲು ಕಟ್ಟಿ ಮೆಟ್ಟಿಲು ಹೊಲ ಮಾಡಿದ್ದು, ದೂರದಿಂದ ಕಾಲುವೆ ತಂದದ್ದು, ಎಲ್ಲವನ್ನೂ ನಿಧಾನವಾಗಿ ವಿವರಿಸುತ್ತಾನೆ.

ಅದರಲ್ಲಿ ಗೊಬ್ಬರದ ಭಾಗವನ್ನು ನಾನು ಮನೆಯವರಿಗೆಲ್ಲ ಓದಿ ಹೇಳಿದ್ದೇನೆ. ಪೆರುವಿನ ಕರಾವಳಿಯ ಪುಟ್ಟ ದ್ವೀಪಗಳಲ್ಲಿ ಕಡಲ ಹಕ್ಕಿಗಳ ಹಿಕ್ಕೆ ದಿಣ್ಣೆ ದಿಣ್ಣೆಯಾಗಿ ಬಿದ್ದಿರುತ್ತದೆ. ಅದೇ ಗುವಾನೊ. ಇಂಕಾ ದೊರೆಗಳು ಒಂದೊಂದು ದ್ವೀಪವನ್ನು ಹತ್ತಿರದ ಸೀಮೆಯವರಿಗೆ ಹಂಚಿದ್ದರು. ದ್ವೀಪ ದೊಡ್ಡದಾದರೆ ನಾಲ್ಕಾರು ಸೀಮೆಗಳಿಗೆ ಗಡಿ ಗುರುತು ಹಾಕಿ ಕೊಡುತ್ತಿದ್ದರು. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕಿದರೆ ಕಠಿಣ ಶಿಕ್ಷೆ. ಹಕ್ಕಿ ಮೊಟ್ಟೆಯಿಡುವ ಕಾಲದಲ್ಲಿ ಅಲ್ಲಿ ಕಾಲಿಟ್ಟರೆ ಮರಣದಂಡನೆ. ಹಕ್ಕಿಯನ್ನು ಯಾವಾಗ ಕೊಂದರೂ ಅದೇ ಶಿಕ್ಷೆ. ಗೊಬ್ಬರ ಬೇಕಿದ್ದರೆ ಹಕ್ಕಿ ಉಳಿಯಬೇಕು ಎಂದು ತಿಳಿದು ಕಾನೂನು ಮಾಡಿದ ಸರ್ಕಾರ ಅದು. ಡಿಎಪಿ ಚೀಲಕ್ಕೆ ಸಾಲಿನಲ್ಲಿ ನಿಂತ ಯಾರೇ ಆದರೂ ಈ ಪುಟಗಳನ್ನು ಗೌರವದಿಂದ ಓದುತ್ತಾರೆ.

ಸ್ಪೇನಿನವರ ಕಣ್ಣು ಇದರ ಮೇಲೆ ಬೀಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಚಿನ್ನ. 1532ರ ನವೆಂಬರ್ 16ರಂದು ಸ್ಪೇನಿನ ದಂಡಿನ ನಾಯಕ ಫ್ರಾನ್ಸಿಸ್ಕೊ ಪಿಜಾರೊ 168 ಜನರನ್ನು ಇಟ್ಟುಕೊಂಡು ಕಹಮಾರ್ಕ ಊರಿನ ಚೌಕದಲ್ಲಿ ಇಂಕಾ ದೊರೆ ಅತಹುವಾಲ್ಪನನ್ನು ಸೆರೆಹಿಡಿದ. 22 ಅಡಿ ಉದ್ದ, 17 ಅಡಿ ಅಗಲದ ಕೋಣೆಯಲ್ಲಿ 9 ಅಡಿ ಎತ್ತರದವರೆಗೆ ಚಿನ್ನ ತುಂಬಿಸುತ್ತೇನೆ, ಬಿಟ್ಟುಬಿಡಿ ಎಂದ ದೊರೆ. ನಾಡಿನ ಮೂಲೆ ಮೂಲೆಯಿಂದ ಚಿನ್ನ ಬಂತು. ಆದರೂ 1533ರಲ್ಲಿ ಅವನನ್ನು ಕೊಂದೇ ಬಿಟ್ಟರು.

ಬಂದ ವಸ್ತುಗಳಲ್ಲಿ ಒಂದು ಮುಸುಕಿನ ಜೋಳದ ತೆನೆ. ತೆನೆ ಚಿನ್ನದ್ದು, ಅದನ್ನು ಮುಚ್ಚಿದ ಅಗಲ ಗರಿಗಳು ಬೆಳ್ಳಿಯವು, ತುದಿಯಲ್ಲಿ ಬೆಳ್ಳಿ ಎಳೆಗಳ ಜುಟ್ಟು. ಇಂಥದ್ದನ್ನೆಲ್ಲ ಕರಗಿಸಿ ಗಟ್ಟಿ ಮಾಡಿದರು. ಕರಗಿಸುವ ಕೆಲಸಕ್ಕೆ ಹಚ್ಚಿದ್ದು ಅಲ್ಲಿನ ಅಕ್ಕಸಾಲಿಗರನ್ನೇ. ತಮ್ಮ ಕೈಕೆಲಸವನ್ನು ತಾವೇ ಬೆಂಕಿಗೆ ಹಾಕುತ್ತಾ ಹಗಲು ರಾತ್ರಿ ದುಡಿದರೂ ಪೂರ್ತಿ ಒಂದು ತಿಂಗಳು ಹಿಡಿಯಿತಂತೆ. ಪ್ರೆಸ್ಕಾಟ್ ಲೆಕ್ಕವನ್ನೂ ಕೊಡುತ್ತಾನೆ: 13,26,539 ಪೆಸೊ ಚಿನ್ನ. ನನಗೆ ಆ ಅಂಕಿಗಿಂತ ಆ ತೆನೆ ಹೆಚ್ಚು ಕಾಡಿತು. 1311ರಲ್ಲಿ ಮಲಿಕ್ ಕಾಫೂರ್ ದ್ವಾರಸಮುದ್ರದಿಂದ ಹೊತ್ತೊಯ್ದ ಸಂಪತ್ತಿನ ಮಾತನ್ನು ಹಳೇಬೀಡಿನ ಹತ್ತಿರದಲ್ಲೇ ಬೆಳೆದ ನಾವು ಚಿಕ್ಕಂದಿನಿಂದ ಕೇಳಿದವರು. ಆ ಒಡವೆಗಳನ್ನು ಮಾಡಿದ ಕೈಗಳ ಬಗ್ಗೆ ನಮಗೆ ಯಾರೂ ಹೇಳಲಿಲ್ಲ, ಅಲ್ವಾ?

ಲೇಖಕ ಪೆರುವಿಗೆ ಹೋದವನೇ ಅಲ್ಲ. ಕಾಲೇಜಿನಲ್ಲಿ ಯಾರೋ ಎಸೆದ ಬ್ರೆಡ್ಡಿನ ಗಟ್ಟಿ ತುಂಡು ತಗುಲಿ ಒಂದು ಕಣ್ಣು ಕಳೆದುಕೊಂಡಿದ್ದ. ಇನ್ನೊಂದೂ ಮಂಜು. ಬೇರೆಯವರಿಂದ ಸ್ಪ್ಯಾನಿಷ್ ದಾಖಲೆ ಓದಿಸಿ ಕೇಳಿ, ತಂತಿ ಕಟ್ಟಿದ ಚೌಕಟ್ಟಿನ ಸಹಾಯದಿಂದ ಬರೆಯುತ್ತಿದ್ದ. ಹಾಗಿದ್ದೂ ಬೆಟ್ಟ ಹತ್ತುವ ದಂಡು ಕಣ್ಣಿಗೆ ಕಟ್ಟುತ್ತದೆ.

ಕೊರತೆಗಳೂ ಇವೆ. ಕಥೆ 1550ರ ಹೊತ್ತಿಗೆ ಮುಗಿಯುತ್ತದೆ. ಆಂಡಿಸ್ ಬೆಟ್ಟದ ಪೊಟೊಸಿ ಎಂಬಲ್ಲಿ ಬೆಳ್ಳಿ ಸಿಕ್ಕಿದ್ದು 1545ರಲ್ಲಿ. ಆ ಬೆಳ್ಳಿ ಪ್ರಪಂಚ ಸುತ್ತಿದ್ದು, 1565ರಿಂದ 1815ರವರೆಗೆ ಮೆಕ್ಸಿಕೊದ ಅಕಾಪುಲ್ಕೊ ಮತ್ತು ಫಿಲಿಪೀನ್ಸಿನ ಮನಿಲಾ ನಡುವೆ ಹಡಗು ಓಡಿದ್ದು ಇದರಲ್ಲಿ ಸಿಗುವುದಿಲ್ಲ. ಸ್ಪೇನಿನ ವ್ಯಾಪಾರದ ಕಥೆ ಬೇಕಾದವರು ಬೇರೆ ಪುಸ್ತಕ ಹುಡುಕಬೇಕು. ಬೆಟ್ಟದ ಮೇಲಿನ ಇಂಕಾ ಊರು ಮಾಚು ಪಿಚು ಕೂಡ ಇಲ್ಲ. ಅದು ಹೊರಜಗತ್ತಿಗೆ ಗೊತ್ತಾದದ್ದು 1911ರಲ್ಲಿ. ನಾಗರಿಕರು, ಅನಾಗರಿಕರು ಎಂದು ಜನರನ್ನು ವಿಂಗಡಿಸುವ ಆ ಕಾಲದ ಧಾಟಿ ಅಲ್ಲಲ್ಲಿ ಚುಚ್ಚುತ್ತದೆ. ಇನ್ನೊಂದು ವಿಷಯ. ಪುಸ್ತಕ ಹೊರಬಂದ 1847ರಲ್ಲಿ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದರು. ಕಾರಣ ನಮ್ಮ ಹೊಲಗಳನ್ನೂ ಹಾಳು ಮಾಡುವ ಅದೇ ಅಂಗಮಾರಿ. ಓದುವಾಗ ನನ್ನ ಮನಸ್ಸು ಪದೇ ಪದೇ ಅತ್ತ ಹೋಗುತ್ತಿತ್ತು.

ಭಾಷೆ ಹಳೆಯ ಇಂಗ್ಲಿಷ್. ವಾಕ್ಯಗಳು ಉದ್ದ. ಅಡಿಟಿಪ್ಪಣಿಗಳಲ್ಲಿ ಸ್ಪ್ಯಾನಿಷ್ ಹಾಗೇ ಇದೆ, ಅವನ್ನು ಬಿಟ್ಟು ಓದಿದರೂ ಕಥೆ ತಪ್ಪುವುದಿಲ್ಲ. ಮೊದಲ ಭಾಗದ ನಾಲ್ಕನೇ ಅಧ್ಯಾಯದಿಂದ ಶುರು ಮಾಡಿ, ಬೇಸಾಯ ಅಲ್ಲಿದೆ.

ನನ್ನದು ಲಂಡನ್ನಿನಲ್ಲಿ ಅಚ್ಚಾದ, ನೂರು ವರ್ಷ ದಾಟಿದ ಮರುಮುದ್ರಣ. ಬೆಂಗಳೂರಿನ ಹಳೇ ಪುಸ್ತಕದ ವ್ಯಾಪಾರಿಯೊಬ್ಬರು 650 ರೂಪಾಯಿಗೆ ಕಳಿಸಿದರು, ಅಂಚೆ ಖರ್ಚು ಬೇರೆ. ಹೊಲಿಗೆ ಗಟ್ಟಿ, ಕಾಗದ ಕಂದು ತಿರುಗಿದರೂ ಪುಡಿಯಾಗಿಲ್ಲ. ಆದರೆ ಕೊನೆಯ ಪದಸೂಚಿಯ ಒಂದು ಹಾಳೆ ಹರಿದುಹೋಗಿದೆ. ಅವರು ಮೊದಲೇ ಹೇಳಬೇಕಿತ್ತು. ತರಿಸುವವರು ಹಿಂದಿನ ಹಾಳೆಗಳ ಫೋಟೊ ಕೇಳಿ, ನೋಡಿದ ಮೇಲೇ ದುಡ್ಡು ಕಳಿಸಿ. ಸುಮ್ನೆ ಓದಿ ನೋಡಬೇಕು ಅನ್ನುವವರಿಗೆ ಇಂಟರ್‌ನೆಟ್ಟಿನಲ್ಲಿ ಪುಸ್ತಕ ಪೂರ್ತಿ ಉಚಿತವಾಗಿಯೇ ಸಿಗುತ್ತದೆ.