ಗಂಗಾವತಿಯಲ್ಲಿ ಫೋನ್ ಲಾಕ್ ತೆಗೆಸಿ ನಾನು ಮೋಸ ಹೋದೆ, ನೀವು ಹೋಗಬೇಡಿ

ಮೊದಲೇ ಹೇಳಿಬಿಡುತ್ತೇನೆ. ಬಿಲ್ ಕೇಳದೆ, ಬಾಕ್ಸ್ ಕೇಳದೆ ಲಾಕ್ ತೆಗೆದುಕೊಡುವ ಅಂಗಡಿಗೆ ಹೋಗಬೇಡಿ. ನಾನು ಹೋದೆ. 1,400 ರೂಪಾಯಿ ಹೋಯಿತು, ಅದು ಹಾಳಾಗಲಿ. ಅವ್ವನ ಫೋನಿನಲ್ಲಿ ಈಗ ಯಾವುದೋ ನಂಬರ್ ಕೂತಿದೆ. ಸಿಮ್ ನಂಬರ್ ಅಲ್ಲ, ಐಎಂಇಐ, ಅಂದರೆ ಫೋನಿನದೇ ಗುರುತಿನ ನಂಬರ್. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ.

ನಮ್ಮೂರು ಕಾರಟಗಿ ಕಡೆ. ಅವ್ವ ಪ್ಯಾಟರ್ನ್ ಮರೆತಳು. ಅಕ್ಕನ ಮಗ ಬಟನ್ ಒತ್ತಿ ಹಿಡಿದು ಪೂರ್ತಿ ರೀಸೆಟ್ ಮಾಡಿಬಿಟ್ಟ. ಆಮೇಲೆ ಫೋನ್ ಹಳೇ ಜೀಮೇಲ್ ಕೇಳತೊಡಗಿತು. ಇದಕ್ಕೆ ಎಫ್‌ಆರ್‌ಪಿ ಲಾಕ್ ಅಂತಾರೆ. 2015ರಲ್ಲಿ ಆಂಡ್ರಾಯ್ಡ್ 5.1 ಬಂದಾಗಿನಿಂದ ಇದೆ. ಕದ್ದವನು ರೀಸೆಟ್ ಮಾಡಿದರೂ ಫೋನ್ ಅವನಿಗೆ ದಕ್ಕಬಾರದು ಅಂತ ಇಟ್ಟಿದ್ದು. ಆದರೆ ನಮ್ಮ ಕಡೆ ಫೋನ್ ಕೊಂಡಾಗ ಜೀಮೇಲ್ ಮಾಡಿಕೊಡುವವನು ಅಂಗಡಿ ಹುಡುಗನೇ ಅಲ್ವಾ? ಪಾಸ್‌ವರ್ಡ್ ಅವನೇ ಹಾಕುತ್ತಾನೆ, ಅವನೇ ಮರೆಯುತ್ತಾನೆ. ತನ್ನ ಹೆಸರಲ್ಲಿ ಜೀಮೇಲ್ ಇದೆ ಅನ್ನೋದೇ ಅವ್ವನಿಗೆ ಗೊತ್ತಿರಲಿಲ್ಲ.

ಕಂಪನಿ ಸರ್ವಿಸ್ ಸೆಂಟರ್‌ಗೆ ಬಿಲ್ ಒಯ್ದರೆ ದಾರಿ ಇದೆ ಅಂತ ಗೊತ್ತಿತ್ತು. ಅದಕ್ಕೆ ಹೊಸಪೇಟೆಗೆ ಹೋಗಬೇಕು, ಗದ್ದೆಯಲ್ಲಿ ನಾಟಿ ನಡೆದಿತ್ತು. ಒಂದು ದಿನ ಯಾಕೆ ಹಾಳು ಅಂತ ಗಂಗಾವತಿಯಲ್ಲೇ ಒಂದು ಅಂಗಡಿಗೆ ಹೋದೆ. ಹೆಸರು ಬರೆಯುತ್ತಿಲ್ಲ.

"ಬಿಲ್ಲೂ ಬಾಕ್ಸೂ ಮನೇಲಿವೆ, ತರಲಾ?" ಅಂದೆ.

"ಏ, ಬಿಲ್ ಯಾರ್ ಕೇಳ್ತಾರ್ರೀ ಅಣ್ಣಾ. ಎರಡು ನಿಮಿಷದ ಕೆಲಸ, 600 ಕೊಡ್ರಿ."

ನನಗೆ ಖುಷಿಯೇ ಆಯಿತು. ಅದನ್ನು ನೆನೆದರೆ ಈಗ ನಾಚಿಕೆ ಆಗುತ್ತೆ. ನನ್ನನ್ನು ಕೇಳದವನು ಇನ್ನು ಯಾರನ್ನು ಕೇಳುತ್ತಾನೆ? ಅದೇ ಹೊತ್ತಿಗೆ ಒಬ್ಬ ಹುಡುಗ ಟವೆಲ್‌ನಲ್ಲಿ ಸುತ್ತಿದ ಎರಡು ಫೋನ್ ತಂದು ಕೌಂಟರ್ ಮೇಲಿಟ್ಟ. ಚಾರ್ಜರ್ ಇಲ್ಲ, ಬಾಕ್ಸ್ ಇಲ್ಲ. ಅಂಗಡಿಯವನು ಅವನನ್ನೂ ಏನೂ ಕೇಳಲಿಲ್ಲ. ಅವ್ವನ ಫೋನಿನ ಪಕ್ಕದಲ್ಲೇ ಅವನ್ನೂ ಇಟ್ಟುಕೊಂಡ.

ಆಮೇಲೆ ಅವ್ವನ ಫೋನ್ ಸ್ವಿಚ್ ಆಫ್ ಮಾಡಿ, ಎರಡೂ ವಾಲ್ಯೂಮ್ ಬಟನ್ ಒತ್ತಿ ಹಿಡಿದು ಕೇಬಲ್ ಚುಚ್ಚಿದ. ಕಂಪ್ಯೂಟರ್‌ನಲ್ಲಿ ಯಾವುದೋ ಟೂಲ್ ತೆರೆದ ಕೂಡಲೇ ಮೂಲೆಯಲ್ಲಿ ಕೆಂಪು ಎಚ್ಚರಿಕೆ ಬಂತು. "ವೈರಸ್ ಅಂತ ತೋರಸ್ತೈತ್ರಿ. ಕ್ರ್ಯಾಕ್ ಮಾಡಿದ ಟೂಲ್ ಐತಲ್ರೀ, ಹಂಗೇ ತೋರಸ್ತೈತಿ" ಅಂದು ಆಂಟಿವೈರಸ್ಸನ್ನೇ ಆಫ್ ಮಾಡಿದ. ನನ್ನ ಕಣ್ಣೆದುರೇ ಮಾಡಿದ. ನಾನು ಸುಮ್ನೆ ಕೂತಿದ್ದೆ. ದಿನಾ ಎಷ್ಟು ಜನರ ಫೋನ್ ಚುಚ್ಚುವ ಕಂಪ್ಯೂಟರ್ ಅದು!

ಲಾಕ್ ಹೋಯಿತು. ಜೊತೆಗೆ ಸಿಗ್ನಲ್ಲೂ ಹೋಯಿತು. *#06# ಒತ್ತಿದರೆ ಐಎಂಇಐ ಜಾಗ ಖಾಲಿ. ಲಾಕ್ ಅಳಿಸುವ ಬದಲು ಪೂರ್ತಿ ಫಾರ್ಮ್ಯಾಟ್ ಒತ್ತಿ, ಐಎಂಇಐ ಇರುವ ಭಾಗವನ್ನೂ ಅಳಿಸಿಬಿಟ್ಟಿದ್ದ. ಇದು ನನಗೆ ಆಮೇಲೆ ತಿಳಿದವರಿಂದ ಗೊತ್ತಾಗಿದ್ದು. ಆಗ ಅವನು ಹೇಳಿದ್ದೇ ಬೇರೆ: "ನಿಮ್ಮ ಬೋರ್ಡ್ ವೀಕ್ ಐತಣ್ಣ. ನಾಳೆ ಬರ್ರಿ, ಇನ್ನೊಂದು 800 ಆಗ್ತೈತಿ." ಮೊದಲ 600 ಫೋನ್‌ಪೇ ಮಾಡಿಸಿಕೊಂಡಿದ್ದ. ಈ 800 ಮಾತ್ರ ಕ್ಯಾಶೇ ಬೇಕಂತೆ. ಕೊಟ್ಟೆ.

ಮರುದಿನ ಸಿಗ್ನಲ್ ಬಂತು. ಅವ್ವನಿಗೆ ಗೃಹಲಕ್ಷ್ಮಿ ದುಡ್ಡಿನ ಮೆಸೇಜ್ ಕಂಡರೆ ಸಾಕು, ಖುಷಿಯಾದಳು. ಆದರೆ ಫೋನ್ ಆನ್ ಮಾಡಿದಾಗಲೆಲ್ಲ ಈ ಸಾಧನವನ್ನು ನಂಬಲಾಗದು ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತಿತ್ತು. ಬ್ಯಾಂಕ್ ಆಪ್ ತೆರೆಯಲೇ ಇಲ್ಲ. ಅನುಮಾನ ಬಂದು ಟ್ರಂಕಿನಿಂದ ಬಾಕ್ಸ್ ತೆಗೆದೆ.

ಒಂದು ಕೈಯಲ್ಲಿ ಬಾಕ್ಸ್, ಒಂದು ಕೈಯಲ್ಲಿ ಫೋನ್. 15 ಅಂಕಿ. ಒಂದೊಂದೇ ಓದಿದೆ. ಮೊದಲ ಎಂಟು ಅಂಕಿ ಫೋನ್ ಯಾವ ಮಾಡೆಲ್ ಅನ್ನೋದನ್ನು ಹೇಳುತ್ತವೆ, ಅವೇ ಸೇರಲಿಲ್ಲ. ಎರಡು ಸಿಮ್ಮಿಗೆ ಎರಡು ಬೇರೆ ಐಎಂಇಐ ಇರಬೇಕು, ಎರಡೂ ಕಡೆ ಒಂದೇ ಇತ್ತು. ನನ್ನ ಕಣ್ಣು ತಪ್ಪಿರಬೇಕು ಅಂತ ಮತ್ತೆ ಓದಿದೆ. ಅಕ್ಕನ ಮಗನ ಕೈಲಿ ಓದಿಸಿದೆ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ, ಫೋನ್ ಯಾವುದು ಅಂತ ತಿಳಿಸುವ ಸರ್ಕಾರಿ ನಂಬರ್ 14422ಕ್ಕೆ ಮೆಸೇಜ್ ಕಳಿಸಿದೆ. ಬೇರೆ ಯಾವುದೋ ಕಂಪನಿಯ ಫೋನಿನ ಹೆಸರು ಬಂತು. ಎದೆ ಧಸಕ್ ಅಂತು.

ಅಂಗಡಿಗೆ ಓಡಿದೆ. ಅವನ ಮಾತು ಕೇಳಿ.

"ನಂಬರ್ ತಗೊಂಡು ಏನ್ ಮಾಡ್ತೀರಣ್ಣ? ಮಾತಾಡಕ್ಕ ಬರ್ತೈತಿಲ್ಲ?"

ಇದು ಯಾರದು ಅಂತ ಕೇಳಿದರೆ, "ಯಾರ್ದೂ ಅಲ್ಲ, ಸುಮ್ನೆ ಹಾಕಿದ್ದು."

ನಮ್ಮ ಬಾಕ್ಸ್ ಮೇಲಿನದನ್ನೇ ಹಾಕಬಹುದಿತ್ತಲ್ಲ ಅಂದರೆ, "ನೀವು ಬಾಕ್ಸ್ ತಂದಿದ್ರೇನು?"

ತರಲಾ ಅಂತ ಕೇಳಿದ್ದೇ ನಾನು! ಕೇಳಿದ್ದೇ ನಾನು. ಪೊಲೀಸರ ಹತ್ತಿರ ಹೋಗುತ್ತೇನೆ ಅಂದೆ. ತಲೆ ಕೂಡ ಎತ್ತಲಿಲ್ಲ. "ಹೋಗ್ರಿ. ಫೋನ್ ಯಾರ ಕೈಯಾಗ ಐತಿ, ನಿಮ್ಮ ಕೈಯಾಗೋ ನನ್ನ ಕೈಯಾಗೋ?"

ಆ ಮಾತಿಗೆ ನನ್ನ ಬಾಯಿ ಕಟ್ಟಿತು. ಯಾಕೆಂದರೆ ಅದು ಬರೀ ಹೆದರಿಕೆ ಅಲ್ಲ. 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಐಎಂಇಐ ತಿದ್ದಿದವನಿಗೆ 3 ವರ್ಷದವರೆಗೆ ಜೈಲು, ಇಲ್ಲವೇ 50 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ತಿದ್ದಿದ್ದು ಅಂತ ಗೊತ್ತಿದ್ದೂ ಬೇಕಂತಲೇ ಫೋನ್ ಇಟ್ಟುಕೊಂಡವನಿಗೂ ಅಷ್ಟೇ ಶಿಕ್ಷೆ. ಈಗ ನನಗೆ ಗೊತ್ತಾಗಿದೆ. ಆ ನಂಬರಿನ ಅಸಲಿ ಫೋನ್ ಕಳುವಾಗಿ ಅದರ ಮಾಲೀಕ ಬ್ಲಾಕ್ ಮಾಡಿಸಿದರೆ ಅವ್ವನ ಫೋನ್ ಸತ್ತಂತೆ. ಅದರಿಂದ ಏನಾದರೂ ವಂಚನೆ ನಡೆದಿದ್ದರೆ ಹುಡುಕಿಕೊಂಡು ಬರುವುದು ನಮ್ಮ ಮನೆಗೆ. ನಮ್ಮದೇ ಕಳುವಾದರೆ? ಕಳೆದ ಫೋನ್ ಬ್ಲಾಕ್ ಮಾಡಿಸುವ ಸರ್ಕಾರದ ಸಂಚಾರ್ ಸಾಥಿಯಲ್ಲಿ ಬಾಕ್ಸ್ ನಂಬರ್ ಕೊಟ್ಟು ಬ್ಲಾಕ್ ಮಾಡಿಸಿದರೂ ಈ ಫೋನ್ ನಿಲ್ಲಲ್ಲ, ಇದರಲ್ಲಿ ಕೂತಿರುವುದೇ ಬೇರೆ ನಂಬರ್.

ತನ್ನ ಫೋನಿಗೆ ತಾನೇ ಕಸ್ಟಮ್ ರಾಮ್ (ROM), ಅಂದರೆ ಕಂಪನಿಯದಲ್ಲದ ಬೇರೆ ಸಾಫ್ಟ್‌ವೇರ್, ಹಾಕಿಕೊಳ್ಳುವವರ ಬಗ್ಗೆ ನಾನು ಹೇಳುತ್ತಿಲ್ಲ. ಡೇಟಾ, ವಾರಂಟಿ, ಬ್ಯಾಂಕ್ ಆಪ್, ಏನು ಹೋಗುತ್ತೆ ಅನ್ನೋದು ಗೊತ್ತಿದ್ದೇ ಅವರು ಮಾಡುತ್ತಾರೆ. ಅವ್ವನಿಗೆ ಏನು ಗೊತ್ತಿತ್ತು? ಕಳ್ಳನ ಕೈಗೆ ದಕ್ಕಬಾರದ ಬೀಗವನ್ನು ಯಾರು ಬಂದರೂ 600 ರೂಪಾಯಿಗೆ ತೆಗೆದುಕೊಡುವುದು ರಿಪೇರಿ ಅಲ್ಲ.

ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆಯವರು ಈ ಎರಡು ಕೆಲಸ ಇವತ್ತೇ ಮಾಡಿ. ಮನೆಯ ಹಿರಿಯರ ಜೀಮೇಲ್, ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಬರೆದು ಬಿಲ್ ಜೊತೆ ಇಡಿ. ಯಾವ ಅಂಗಡಿಗೆ ಫೋನ್ ಕೊಟ್ಟರೂ, ಕೊಡುವ ಮುಂಚೆ ಮತ್ತು ತಗೊಂಡ ಮೇಲೆ *#06# ಒತ್ತಿ ಫೋಟೋ ಹೊಡೆದುಕೊಳ್ಳಿ. ಅಲ್ಲೇ, ಅವನ ಎದುರಿಗೇ.

ಅವ್ವನ ಫೋನ್ ಸ್ವಿಚ್ ಆಫ್ ಮಾಡಿ ಬಾಕ್ಸ್‌ಗೆ ಹಾಕಿದ್ದೇನೆ. ನಾಳೆ ಬೆಳಿಗ್ಗೆ ಬಿಲ್, ಬಾಕ್ಸ್, 600 ರೂಪಾಯಿಯ ಫೋನ್‌ಪೇ ಸ್ಕ್ರೀನ್‌ಶಾಟ್ ಹಿಡಿದುಕೊಂಡು ಠಾಣೆಗೆ ಹೋಗುತ್ತಿದ್ದೇನೆ. ಆ 800ಕ್ಕೆ ಮಾತ್ರ ನನ್ನ ಹತ್ತಿರ ಏನೂ ಇಲ್ಲ.