ವಸಾಯಿ ಕೋಟೆ, ಪರೇಲ್ ಮಿಲ್ಲು, ಗೋವಾದ ಬೀಗದ ಮನೆ: ಪಾಳು ಕಟ್ಟಡದ ಫೋಟೊಗೆ ಯಾವುದು ವಾಸಿ?

ಭಾನುವಾರ ಬೆಳಗಿನ ಐದೂವರೆಗೆ ಕ್ಯಾಮೆರಾ ಚೀಲ ಹೆಗಲಿಗೇರಿಸಿ ಬಾಗಿಲು ತೆಗೆದರೆ ಒಳಗಿನಿಂದ ಅಮ್ಮನ ದನಿ ಬರುತ್ತದೆ. "ಇವತ್ತು ಯಾವ ಹಾಳು ಮನೆಗೋ?" ಬೈಗುಳ ಅಲ್ಲ, ನಿಜವಾದ ಪ್ರಶ್ನೆ. ನಾವು ಹೋಗುವುದೇ ಅಂಥ ಕಡೆ.

ನಾವು ಅಂದರೆ ಮುಂಬಯಿ ಕಡೆಯ ನಾಲ್ಕು ಜನ. ಡೊಂಬಿವಲಿಯ ನಾನು, ಮುಲುಂಡಿನ ಶೆಟ್ಟಿ, ಮಾಟುಂಗಾದ ಕಾಮತ, ಠಾಣೆಯಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಹುಬ್ಬಳ್ಳಿಯ ಗೆಳೆಯ. ಅವನನ್ನು ಕರೆಯುವುದೇ ಹುಬ್ಬಳ್ಳಿ ಅಂತ. ನನ್ನ ಹತ್ತಿರ ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಲೆನ್ಸು. ಉಳಿದ ಮೂವರದ್ದು ಫೋನು. ಎರಡು ವರ್ಷದಲ್ಲಿ ಸುತ್ತಿದ ಜಾಗಗಳಲ್ಲಿ ಮೂರರ ಬಗ್ಗೆ ನಮ್ಮ ಜಗಳ ಇನ್ನೂ ಮುಗಿದಿಲ್ಲ: ವಸಾಯಿ ಕೋಟೆ, ಪರೇಲ್ ಕಡೆಯ ಒಂದು ಮುಚ್ಚಿದ ಬಟ್ಟೆ ಮಿಲ್ಲು, ಗೋವಾದ ಸಾಲ್ಸೆಟ್ ತಾಲೂಕಿನ ಒಂದು ಮನೆ. ಯಾವುದು ವಾಸಿ ಅಂತ ಯಾರಾದರೂ ಕೇಳಿದರೆ ನಾಲ್ಕೂ ಜನ ಒಟ್ಟಿಗೆ ಬಾಯಿ ತೆರೆಯುತ್ತೇವೆ. ಇಲ್ಲಿ ಅವರು ಮೂವರೂ ಇಲ್ಲ, ಆದ್ದರಿಂದ ನಾನು ಹೇಳಿದ್ದೇ ಸರಿ.

ಮೊದಲು ವಸಾಯಿ. ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ಟಿಕೆಟ್ ಇಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ ಕಡೆಯವರಿಗೆ ದಿವಾ-ವಸಾಯಿ ಗಾಡಿ ಇದೆ. ಅದು ತಪ್ಪಿದರೆ ದಾದರ್ ಸುತ್ತಿ ಬರಬೇಕು, ಅರ್ಧ ದಿನದ ಹುರುಪು ಅಲ್ಲೇ ಇಳಿದುಹೋಗುತ್ತದೆ. ವಸಾಯಿ ರೋಡ್‌ನಲ್ಲಿ ಇಳಿದು ರಿಕ್ಷಾ ಹಿಡಿದರೆ ನೇರ ಕೋಟೆ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಷಾನಿಂದ ವಸಾಯಿ ಪೋರ್ಚುಗೀಸರ ಕೈಗೆ ಬಂತು. 1739ರಲ್ಲಿ ಚಿಮಾಜಿ ಅಪ್ಪನ ಮರಾಠಾ ಸೈನ್ಯ ಕೋಟೆ ಗೆದ್ದಿತು. ಈ ಕಥೆಯನ್ನು ಶೆಟ್ಟಿ ಪ್ರತಿ ಸಲ ರಿಕ್ಷಾದಲ್ಲಿ ಹೇಳುತ್ತಾನೆ, ಪ್ರತಿ ಸಲವೂ ರಿಕ್ಷಾದವನಿಗೆ ಅವನಿಗಿಂತ ಜಾಸ್ತಿ ಗೊತ್ತಿರುತ್ತದೆ.

ಒಳಗೆ ಸೂರಿಲ್ಲದ ಚರ್ಚುಗಳು, ಕಮಾನುಗಳು, ಗೋಡೆಯ ಸಂದಿಯಲ್ಲಿ ಇಳಿಬಿಟ್ಟ ಆಲ ಅರಳಿಯ ಬೇರುಗಳು. ಸೂರಿಲ್ಲ ಅಂದರೆ ಫೋಟೊಗೆ ಸುಲಭ ಅಂದುಕೊಳ್ಳಬೇಡಿ. ಹತ್ತು ಗಂಟೆ ದಾಟಿದರೆ ಬಿಸಿಲು ನೆತ್ತಿಯ ಮೇಲಿಂದ ಬಿದ್ದು ಕಲ್ಲೆಲ್ಲ ಚಪ್ಪಟೆ ಕಾಣುತ್ತದೆ. ಏಳರಿಂದ ಒಂಬತ್ತರೊಳಗೆ ಕೆಲಸ ಮುಗಿಸಬೇಕು. ಆಗ ಬಿಸಿಲು ಅಡ್ಡಡ್ಡ ಬರುತ್ತದೆ, ಉಳಿಯ ಗುರುತು ಕೂಡ ಎದ್ದು ಕಾಣುತ್ತದೆ.

ನನಗೆ ವಸಾಯಿಯಲ್ಲಿ ಇಷ್ಟವಾದದ್ದು ಗೋಪುರವೂ ಅಲ್ಲ, ಕಮಾನೂ ಅಲ್ಲ. ಫ್ರಾನ್ಸಿಸ್ಕನ್ ಚರ್ಚಿನ ನೆಲ. ಅಲ್ಲಿ ಸಮಾಧಿ ಕಲ್ಲುಗಳಿವೆ, ಮೇಲೆ ಪೋರ್ಚುಗೀಸ್ ಅಕ್ಷರ. ನಿಂತು ನೋಡಿದರೆ ಅರ್ಧ ಅಳಿಸಿದ ಹಾಗೆ ಕಾಣುತ್ತದೆ. ಹುಬ್ಬಳ್ಳಿ ಒಮ್ಮೆ ಬಿದ್ದ ಲೆನ್ಸಿನ ಮುಚ್ಚಳ ಹುಡುಕಲು ಫೋನಿನ ಟಾರ್ಚನ್ನು ನೆಲಕ್ಕೆ ತಾಗಿಸಿ ಹಿಡಿದ. ಕಲ್ಲಿನ ಅಕ್ಷರಗಳು ಒಮ್ಮೆಲೇ ನೆರಳು ತುಂಬಿಕೊಂಡು ಎದ್ದುವು. "ಏ ಏ, ತಡೀ, ಅಲ್ಲೇ ಹಿಡಿ ಲೇ" ಅಂತ ಶೆಟ್ಟಿ ಕೂಗಿದ. ಅವತ್ತಿನಿಂದ ಅದೇ ನಮ್ಮ ಪದ್ಧತಿ. ಒಬ್ಬ ಟಾರ್ಚನ್ನು ನೆಲಮಟ್ಟಕ್ಕೆ ಹಿಡಿಯುವುದು, ಇನ್ನೊಬ್ಬ ಛತ್ರಿಯಿಂದ ಬಿಸಿಲು ಮರೆ ಮಾಡುವುದು, ಮೂರನೆಯವನು ನೇರ ಮೇಲಿಂದ ತೆಗೆಯುವುದು. ನಾಲ್ಕನೆಯವನು ಸುಮ್ನೆ ಸಲಹೆ ಕೊಡುತ್ತಾನೆ. ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಕಡೆ ಟ್ರೈಪಾಡ್‌ಗೆ ಮೊದಲೇ ಅನುಮತಿ ಬೇಕು. ನಾವು ಮೊಣಕೈಯನ್ನೇ ಟ್ರೈಪಾಡ್ ಮಾಡಿಕೊಳ್ಳುತ್ತೇವೆ.

ತೊಂದರೆ ಏನಂದರೆ, ವಸಾಯಿಯಲ್ಲಿ ಪಾಳು ಅನ್ನುವ ಭಾವನೆಯೇ ಬರುವುದಿಲ್ಲ. ಚೆನ್ನಾಗಿರುವ ಒಂದೊಂದು ಕಮಾನಿನ ಕೆಳಗೂ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿ ನಿಂತಿರುತ್ತದೆ. ಹುಡುಗಿಯ ಗೌನಿನ ಬಾಲ ಹಿಡಿದು ಹಾರಿಸಲು ಒಬ್ಬ, ಬಣ್ಣದ ಹೊಗೆ ಬಿಡಲು ಇನ್ನೊಬ್ಬ. ಒಂದು ಸಲ ನಾವು ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತೆವು, ಪಾಳು ಚರ್ಚಿನ ಬಾಗಿಲಿಗೆ! ಗೋಡೆಯ ಮೇಲೆ ಹೃದಯದ ಚಿತ್ರ, ಹೆಸರುಗಳು. ಸಂರಕ್ಷಿತ ಸ್ಮಾರಕ ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಅಂತ ಕಾನೂನಿದೆ. ಪ್ರೇಮಿಗಳು ಕಾನೂನು ಓದಿ ಬರುವುದಿಲ್ಲ. ಮಳೆಗಾಲದಲ್ಲಿ ಜನ ಕಡಿಮೆ, ಹಸಿರು ಜಾಸ್ತಿ. ಆದರೆ ಆಗ ಮೊಣಕಾಲುದ್ದ ಹುಲ್ಲಿಗೆ ಕಾಲಿಡುವ ಮೊದಲು ಕೋಲಿನಿಂದ ಬಡಿದು ನೋಡಿ. ಕೊಳಕುಮಂಡಲಕ್ಕೆ ನಿಮ್ಮ ಶೂ ಯಾವ ಕಂಪನಿಯದ್ದಾದರೂ ಒಂದೇ.

ಈಗ ಮಿಲ್ಲು. ಹೆಸರು ಹೇಳುವುದಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ.

ಶೆಟ್ಟಿಯ ದೊಡ್ಡಪ್ಪ ಲಾಲ್‌ಬಾಗ್‌ನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡುತ್ತಿದ್ದವರು. ಮಿಲ್ಲಿನ ಭೋಂಗಾ ಕೂಗುವ ಮೊದಲೇ ನೂರು ಚಾ ರೆಡಿ ಇರಬೇಕಿತ್ತಂತೆ. 1982ರ ಜನವರಿಯಲ್ಲಿ ಕಾರ್ಮಿಕ ಮುಖಂಡ ದತ್ತಾ ಸಾಮಂತರ ಮುಂದಾಳುತನದಲ್ಲಿ ಬಟ್ಟೆ ಮಿಲ್ಲುಗಳ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು, ಬಹಳ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಗಿರಣಗಾಂವ್, ಅಂದರೆ ಮುಂಬಯಿಯ ಮಿಲ್ಲುಗಳ ಪ್ರದೇಶ, ಅಲ್ಲಿನ ಎಷ್ಟೋ ಮಿಲ್ಲುಗಳ ಜಾಗದಲ್ಲಿ ಈಗ ಮಾಲು, ಗಾಜಿನ ಗೋಪುರ. ಉಳಿದ ಒಂದೆರಡರಲ್ಲಿ ಒಂದನ್ನು ನೋಡಬೇಕೆಂದು ಶೆಟ್ಟಿಗೆ ಹಠ.

ಮೊದಲ ಸಲ ಗೇಟಿನಿಂದಲೇ ವಾಪಸ್ಸು. ಕಾವಲುಗಾರ ಒಳ್ಳೆಯವನೇ, ನೀರು ಕೊಟ್ಟ, ಒಳಗೆ ಬಿಡಲಿಲ್ಲ. ಹಿಂದಿನ ಗೋಡೆ ಹಾರಬಹುದು ಅಂತ ಹುಬ್ಬಳ್ಳಿ ಅಂದ. ಅದು ಅತಿಕ್ರಮ ಪ್ರವೇಶ, ಅವನದ್ದು ಬ್ಯಾಂಕ್ ಕೆಲಸ ಅಂತ ನೆನಪಿಸಿದ ಮೇಲೆ ಸುಮ್ಮನಾದ. ಆರು ತಿಂಗಳಾದ ಮೇಲೆ ಕಾಮತನ ಪರಿಚಯದವರೊಬ್ಬರು ಜಾಹೀರಾತು ಶೂಟಿಂಗಿಗೆ ಆ ಶೆಡ್ಡನ್ನು ಬಾಡಿಗೆ ಹಿಡಿದರು. ಅವರ ಊಟದ ಬಿಡುವಿನಲ್ಲಿ ನಮಗೆ ಒಂದು ಗಂಟೆ ಸಿಕ್ಕಿತು.

ಬೆಳಕಿನ ವಿಷಯಕ್ಕೆ ಬಂದರೆ ಮಿಲ್ಲನ್ನು ಮೀರಿಸುವ ಜಾಗ ಇಲ್ಲ. ನೇಯ್ಗೆ ಶೆಡ್ಡಿನ ಚಾವಣಿ ಗರಗಸದ ಹಲ್ಲಿನ ಹಾಗಿರುತ್ತದೆ. ಒಂದೊಂದು ಹಲ್ಲಿನ ನೆಟ್ಟಗಿನ ಮೈಗೂ ಗಾಜು, ಅದರ ಮುಖ ಉತ್ತರಕ್ಕೆ. ನೇರ ಬಿಸಿಲು ಬೀಳದೆ ಒಂದೇ ಸಮದ ಬೆಳಕು ಬಂದರೆ ನೇಯುವವನಿಗೆ ಕಡಿದ ನೂಲು ಕಾಣುತ್ತದೆ, ಅದಕ್ಕೆ ಈ ಏರ್ಪಾಟು. ನೂಲಿಗೆ ಮಾಡಿದ ಬೆಳಕು ಕ್ಯಾಮೆರಾಕ್ಕೂ ಒಗ್ಗಿತು. ಮಧ್ಯಾಹ್ನ ಒಂದು ಗಂಟೆಯಲ್ಲೂ ಎರಕದ ಕಬ್ಬಿಣದ ಕಂಬಗಳ ಸಾಲು ಮೊದಲಿನಿಂದ ಕೊನೆಯವರೆಗೆ ಒಂದೇ ಹದದಲ್ಲಿ ಬಂತು. ಫೋನುಗಳೂ ಅಲ್ಲಿ ನನ್ನ ಕ್ಯಾಮೆರಾಕ್ಕೆ ಸಮ ನಿಂತವು. ವಸಾಯಿಯಲ್ಲಿ ಹಾಗಲ್ಲ. ಕತ್ತಲ ಕೋಣೆಯಿಂದ ಹೊರಗಿನ ಬಾಗಿಲಿನ ಫೋಟೊ ತೆಗೆದರೆ ಫೋನು ಎಲ್ಲವನ್ನೂ ಸಮ ಮಾಡಲು ಹೋಗಿ ಗೋಡೆಗೆ ಕ್ಯಾಲೆಂಡರಿನ ಬಣ್ಣ ಬಳಿಯುತ್ತದೆ.

ಧೂಳಿಗೆ ಮಾತ್ರ ತಯಾರಾಗಿ ಹೋಗಿ. ಹಳೇ ಶೆಡ್ಡುಗಳಲ್ಲಿ ಕಲ್ನಾರಿನ ಶೀಟು ಒಡೆದು ಬಿದ್ದಿರಬಹುದು, ಬಟ್ಟೆಯ ಮಾಸ್ಕೂ ಸಾಲದು, ಎನ್95 ಕೂಡ ಸಾಲದು, ಪಿ100 ಫಿಲ್ಟರಿನ ಮಾಸ್ಕ್ ಬೇಕು. ಲೆನ್ಸು ಅಲ್ಲಿ ಬದಲಿಸಲೇಬೇಡಿ. ನನ್ನ ಹತ್ತಿರ ಇರುವುದೇ ಒಂದು, ಹಾಗಾಗಿ ಬಡತನವೇ ಕಾಪಾಡಿತು.

ಆ ಒಂದು ಗಂಟೆಯಲ್ಲಿ ನಾವು ನಾಲ್ವರೂ ಅತಿ ಹೆಚ್ಚು ಫೋಟೊ ತೆಗೆದದ್ದು ಒಂದು ಮೂಲೆಯಲ್ಲಿ. ಗಾರೆ ಉದುರಿ ಇಟ್ಟಿಗೆ ಕಾಣುವ ಗೋಡೆ, ಜೋತುಬಿದ್ದ ಜೇಡರ ಬಲೆ, ತುಕ್ಕು ಹಿಡಿದ ಬಾಗಿಲು. ಹುಬ್ಬಳ್ಳಿ ಗೋಡೆಗೆ ಒರಗಿ ನಿಂತ, ಫೋಟೊಗೆ ಅಂತ. ಗೋಡೆ ಅರ್ಧ ಅಡಿ ಹಿಂದೆ ಸರಿಯಿತು. ನೋಡಿದರೆ ಪ್ಲೈವುಡ್ಡು! ಇಟ್ಟಿಗೆ ಥರ್ಮಾಕೋಲಿನದ್ದು, ಬಲೆ ಅಂಟು ಎಳೆದು ಮಾಡಿದ್ದು. ನಿಜವಾದ ಗೋಡೆ ಅದರ ಹಿಂದೆ ಇತ್ತು, ಸುಣ್ಣ ಬಳಿದುಕೊಂಡು ನೆಟ್ಟಗೆ. ಕಲಾ ವಿಭಾಗದ ಹುಡುಗ ಊಟದ ತಟ್ಟೆ ಹಿಡಿದುಕೊಂಡೇ ಬಂದು, "ಅಣ್ಣಾ, ಪೇಂಟ್ ಇನ್ನೂ ಒಣಗಿಲ್ಲ" ಅಂತ ಹಿಂದಿಯಲ್ಲಿ ಹೇಳಿದ. ಹುಬ್ಬಳ್ಳಿಯ ಶರಟಿನ ಬೆನ್ನಿಗೆ ತುಕ್ಕಿನ ಬಣ್ಣ. ಆ ಶರಟು ಈಗಲೂ ಹಾಗೇ ಇದೆ, ಒಗೆದರೂ ಹೋಗಲಿಲ್ಲ. ಅಸಲಿ ತುಕ್ಕಾಗಿದ್ದರೆ ಹೋಗುತ್ತಿತ್ತು ಅಂತಾನೆ.

ಇನ್ನು ಗೋವಾ. ಮನೆಗೆ ಹೋಗುವ ಮುನ್ನಾದಿನ ನೋಡಿದ ಓಲ್ಡ್ ಗೋವಾದ ಸಂತ ಅಗಸ್ಟಿನ್ ಗೋಪುರವನ್ನು ಚಿಕ್ಕದಾಗಿ ಮುಗಿಸುತ್ತೇನೆ, ನಾವು ನೋಡಿದ್ದೂ ಹಾಗೇ. ಕೊಂಕಣಕನ್ಯಾ ರೈಲಿನಲ್ಲಿ ಬಂದು ಕರ್ಮಲಿಯಲ್ಲಿ ಇಳಿದರೆ ಹತ್ತಿರ. 1602ರಲ್ಲಿ ಮುಗಿದ ಚರ್ಚು. 1835ರಲ್ಲಿ ಪೋರ್ಚುಗೀಸ್ ಸರ್ಕಾರ ಪಾದ್ರಿಗಳ ಮಠಗಳನ್ನು ಮುಚ್ಚಿಸಿತು, ನೋಡುವವರಿಲ್ಲದೆ 1842ರಲ್ಲಿ ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗ ಬಿತ್ತು. ಈಗ 46 ಮೀಟರ್ ಎತ್ತರದ ಮುರಕಲ್ಲಿನ ಅರ್ಧ ಗೋಪುರ ಒಂಟಿಯಾಗಿ ನಿಂತಿದೆ. ಜಾರ್ಜಿಯಾದ ರಾಣಿ ಕೆಟೆವಾನಳ ಅಸ್ಥಿ ಸಿಕ್ಕಿದ್ದು ಇಲ್ಲೇ. ಹೈದರಾಬಾದಿನ ವಿಜ್ಞಾನಿಗಳು ಡಿಎನ್‌ಎ ನೋಡಿ ಒಪ್ಪಿದರು, 2021ರಲ್ಲಿ ಭಾರತ ಅದನ್ನು ಜಾರ್ಜಿಯಾಕ್ಕೆ ಕೊಟ್ಟಿತು. ಇಲ್ಲಿನ ಗಂಟೆ ಈಗ ಪಣಜಿಯ ಚರ್ಚಿನಲ್ಲಿದೆ. ವಸಾಯಿಯ ಒಂದು ಗಂಟೆ ನಾಸಿಕದ ನಾರೋಶಂಕರ ದೇವಸ್ಥಾನದಲ್ಲಿದೆ. ಕಟ್ಟಡ ಬಿದ್ದರೂ ಎರಡೂ ಕಡೆಯ ಗಂಟೆ ಬಚಾವು. ಫೋಟೊ? ಹುಲ್ಲು ಕತ್ತರಿಸಿ, ದಾರಿ ಮಾಡಿ, ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಎಲ್ಲರಿಗೂ ಒಂದೇ ಫೋಟೊ ಬರುತ್ತದೆ, ಅದು ಚೆನ್ನಾಗಿಯೇ ಇರುತ್ತದೆ.

ಮರುದಿನ ಮಡಗಾಂವ್ ಕಡೆ ಹೋದೆವು. ಕಾಮತನ ಜೊತೆ ಕೆಲಸ ಮಾಡುವ ಪಣಜಿಯವರೊಬ್ಬರ ಸಂಬಂಧಿಕರ ಮನೆ, ಹನ್ನೆರಡು ವರ್ಷದಿಂದ ಬೀಗ. ಗೋವಾದಲ್ಲಿ ಇಂಥ ಮನೆ ಊರಿಗೆ ನಾಲ್ಕಾದರೂ ಸಿಗುತ್ತವೆ. ಅಲ್ಲಿ ಇನ್ನೂ 1867ರ ಪೋರ್ಚುಗೀಸ್ ಸಿವಿಲ್ ಕೋಡ್‌ನ ಪದ್ಧತಿ. ಗಂಡು ಹೆಣ್ಣು ಅನ್ನದೆ ಮಕ್ಕಳಿಗೆಲ್ಲ ಸಮಪಾಲು. ನ್ಯಾಯವಾದದ್ದೇ. ಆದರೆ ಎರಡು ತಲೆಮಾರು ದಾಟಿದರೆ ಒಂದು ಮನೆಗೆ ಹದಿನೈದು ಪಾಲುದಾರರು. ಒಬ್ಬರು ಲಿಸ್ಬನ್, ಒಬ್ಬರು ಲಂಡನ್, ಒಬ್ಬರು ಇಲ್ಲೇ ಬಾಂದ್ರಾ. ಎಲ್ಲರ ಸಹಿ ಕೂಡುವಷ್ಟರಲ್ಲಿ ಗೆದ್ದಲು ತನ್ನ ಪಾಲು ತಿಂದಿರುತ್ತದೆ.

ಕೀಲಿಕೈ ಪಕ್ಕದ ಮನೆಯ ಆಂಟಿಯ ಹತ್ತಿರ. ಎಪ್ಪತ್ತು ದಾಟಿದವರು. ಕಾಮತನ ಕುಮಟೆಯ ಕೊಂಕಣಿ ಕೇಳಿ ಒಂದು ಸಲ ನಕ್ಕರು, ಆಮೇಲೆ ಬಾಗಿಲು ತೆಗೆದರು. ನಾವು ಲೆನ್ಸು ಒರೆಸುತ್ತಿರುವಾಗ ಅವರು ಪೊರಕೆ ತಂದು ಬಲ್ಕಾಂವ್, ಅಂದರೆ ಮುಂದಿನ ಜಗಲಿ, ಗುಡಿಸಲು ಶುರು ಮಾಡಿದರು. ಒಣಗಿದ ಎಲೆ, ಧೂಳು, ಹಕ್ಕಿ ಪುಕ್ಕ, ನಾವು ಅಷ್ಟು ದೂರದಿಂದ ಬಂದದ್ದು ಯಾವುದಕ್ಕೋ ಅದೆಲ್ಲ ಎರಡು ನಿಮಿಷದಲ್ಲಿ ಮೂಲೆ ಸೇರಿತು. "ಆಂಟಿ, ಇರಲಿ ಬಿಡಿ" ಅಂತ ಕಾಮತ ಬೇಡಿಕೊಂಡ. ಹೊಲಸು ಮನೆಯ ಫೋಟೊ ಯಾರಾದರೂ ತೆಗೆಯುತ್ತಾರಾ ಅಂತ ಅವರು ಗದರಿದರು.

ಒಳಗೆ ಮರದ ನೆಲ. ಇಲ್ಲಿ ಒಂದು ಪಾಠ: ಹಲಗೆಯ ನಡುವೆ ಕಾಲಿಡಬೇಡಿ. ಮೊಳೆಯ ಸಾಲು ಎಲ್ಲಿದೆಯೋ ಕೆಳಗೆ ತೊಲೆ ಅಲ್ಲಿದೆ, ಆ ಸಾಲಿನ ಮೇಲೇ ನಡೆಯಿರಿ, ಒಬ್ಬರ ಹಿಂದೆ ಒಬ್ಬರು. ಕಿಟಕಿಗಳಿಗೆ ಗಾಜಿಲ್ಲ, ಮರದ ಚೌಕಟ್ಟಿನಲ್ಲಿ ತೆಳ್ಳಗಿನ ಸಿಂಪಿಯ ಚಿಪ್ಪು ಕೂರಿಸಿದ್ದಾರೆ. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಹಾಲು ಬೆರೆಸಿದಂಥ ಬೆಳಕು. ಒಂದು ಚಿಪ್ಪು ಬಿದ್ದ ಜಾಗದಿಂದ ಬಿಸಿಲಿನ ಕೋಲು ನೇರ ಗೋಡೆಗೆ ತಾಗಿತ್ತು. ಗೋಡೆಯಲ್ಲಿ ಚಿತ್ರಪಟ ತೆಗೆದ ಗುರುತು, ಸುತ್ತಲಿನ ನೀಲಿ ಮಾಸಿದರೂ ಆ ಚೌಕದಲ್ಲಿ ಮಾತ್ರ ಹೊಸದರ ಹಾಗೆ. ಎರಡು ತಾಸಿನಲ್ಲಿ ನಾನು ತೆಗೆದದ್ದು 40 ಫೋಟೊ. ವಸಾಯಿಯಲ್ಲಿ ಒಂದು ಬೆಳಿಗ್ಗೆಗೆ 300 ದಾಟುತ್ತದೆ. ಆ 300ರಲ್ಲಿ ಇಟ್ಟುಕೊಂಡದ್ದು ಸಮಾಧಿ ಕಲ್ಲಿನ ಆರು, ಈ 40ರಲ್ಲಿ ಹನ್ನೊಂದು. ಇದೇ ನನ್ನ ತೀರ್ಪು. ಮೊದಲ ಸಲದವರು ವಸಾಯಿಗೆ ಹೋಗಿ, ಬೆಳಕು ಕಲಿಯಬೇಕಾದರೆ ಮಿಲ್ಲಿಗೆ. ಆದರೆ ಕೀಲಿಕೈ ಯಾರ ಹತ್ತಿರ ಇದೆ ಅಂತ ಕೇಳಿಕೊಂಡು ಹೋಗುವ ಮನೆಗೆ ಅವೆರಡೂ ಸಮ ಅಲ್ಲ. ಶೆಟ್ಟಿ ಒಪ್ಪುವುದಿಲ್ಲ. ಅವನಿಗೆ ಮಿಲ್ಲೇ ದೊಡ್ಡದು, ಅದು ದೊಡ್ಡಪ್ಪನ ಲೆಕ್ಕ.

ಹೊರಡುವಾಗ ಆಂಟಿ ತೋರಿಸಿ ಅಂದರು. ಕ್ಯಾಮೆರಾದ ಪರದೆಯಲ್ಲಿ ಒಂದೊಂದೇ ಸರಿಸಿದೆ. ಕಿಟಕಿ, ಗೋಡೆ, ನೀಲಿ ಚೌಕ, ಏನೂ ಹೇಳಲಿಲ್ಲ. ಅಡುಗೆಮನೆಯ ಫೋಟೊ ಬಂದಾಗ ಕೈ ಹಿಡಿದು ನಿಲ್ಲಿಸಿದರು. ಮೂಲೆಯಲ್ಲಿ ಕಪ್ಪು ರುಬ್ಬುವ ಕಲ್ಲು. "ಇದು ನನ್ನ ರೊಗ್ಡೊ" ಅಂದರು. ಈ ಮನೆಯ ಮದುವೆಗೆ ಕಡ ಕೊಟ್ಟದ್ದಂತೆ, ವಾಪಸ್ ಬರಲೇ ಇಲ್ಲ, ಕೇಳಲು ಸಂಕೋಚ.

ಪಾಳು ಮನೆಯಿಂದ ಕಡ್ಡಿಯನ್ನೂ ತರಬಾರದು ಅನ್ನುವುದು ನಮ್ಮ ನಿಯಮ. ಕಾಮತ ಪಣಜಿಗೆ ಫೋನ್ ಹಚ್ಚಿದ, ಅವರು ಲಿಸ್ಬನ್‌ಗೆ ಹಚ್ಚಿದರು. ಇಪ್ಪತ್ತು ನಿಮಿಷ ಬಿಟ್ಟು ಉತ್ತರ ಬಂತು: ತಗೊಳ್ಳಲಿ. ಮೊಳೆಯ ಸಾಲು ನೋಡಿಕೊಂಡು, ಗೋಣಿಚೀಲದ ಮೇಲಿಟ್ಟು ನಾಲ್ಕು ಜನ ಎಳೆದೆವು. ಅಂಗಳ ದಾಟಿ ಆಂಟಿಯ ಹಿತ್ತಲಿಗೆ ತಲುಪುವಷ್ಟರಲ್ಲಿ ಹುಬ್ಬಳ್ಳಿಯ ಸೊಂಟ ಹಿಡಿದಿತ್ತು. ವಾಪಸ್ ಬರುವಾಗ ಅವನಿಗೆ ಕೆಳಗಿನ ಬರ್ತ್ ಬಿಟ್ಟುಕೊಟ್ಟೆವು.