ಹಾಕಿಂಗ್ ವಿಕಿರಣ ಕ್ಯಾಲ್ಕುಲೇಟರ್: ಕಪ್ಪುಕುಳಿಯ ಆಯುಷ್ಯವನ್ನು ಲೆಕ್ಕ ಹಾಕಿಕೊಡುವ ಉಚಿತ ಸಾಧನ

ಕೆನಡಾದ ವಿಕ್ಟರ್ ಟಾಥ್ ಅವರು ತಮ್ಮ ಜಾಲತಾಣದಲ್ಲಿ ಎಲ್ಲರಿಗೂ ಉಚಿತವಾಗಿ ಒದಗಿಸಿರುವ ಈ ಕ್ಯಾಲ್ಕುಲೇಟರ್ ಮೊದಲ ನೋಟಕ್ಕೆ ಅಂಕಿಗಳ ಸಾದಾ ಪುಟವಷ್ಟೆ. ಬೆಳಕೂ ತಪ್ಪಿಸಿಕೊಳ್ಳಲಾಗದಷ್ಟು ಬಲವಾದ ಗುರುತ್ವವಿರುವ ಕಪ್ಪುಕುಳಿಯ ದ್ರವ್ಯರಾಶಿ, ತ್ರಿಜ್ಯ, ಮೇಲ್ಮೈ ವಿಸ್ತೀರ್ಣ, ಎಂಟ್ರೊಪಿ (ಅವ್ಯವಸ್ಥೆಯ ಅಳತೆ), ಉಷ್ಣತೆ, ಆಯುಷ್ಯ ಮುಂತಾದವುಗಳಲ್ಲಿ ಯಾವುದಾದರೊಂದನ್ನು ನಾವು ತುಂಬಿದರೆ ಉಳಿದವನ್ನು ಅದು ಲೆಕ್ಕ ಹಾಕಿಕೊಡುತ್ತದೆ. ಆದರೆ ಹಾಕಿಂಗ್ ವಿಕಿರಣದ ಬಗ್ಗೆ, ಅಂದರೆ ಕಪ್ಪುಕುಳಿಯೇ ಹೊರಸೂಸುವ ವಿಕಿರಣದ ಬಗ್ಗೆ ಕಲಿಯಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಪ್ಪುಕುಳಿಯ ಎಂಟ್ರೊಪಿಯು ಅದರ ಮೇಲ್ಮೈ ವಿಸ್ತೀರ್ಣಕ್ಕೆ ಅನುಗುಣವಾಗಿರುತ್ತದೆ ಎಂದು ಭೌತವಿಜ್ಞಾನಿ ಜೇಕಬ್ ಬೆಕೆನ್‌ಸ್ಟೈನ್ ವಾದಿಸಿದಾಗ ಇನ್ನೊಬ್ಬ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅದನ್ನು ಒಪ್ಪಿರಲಿಲ್ಲ. ಆದರೆ ಘಟನಾ ದಿಗಂತದ, ಅಂದರೆ ಒಳಹೊಕ್ಕದ್ದು ಮರಳಿ ಬರಲಾಗದ ಕಪ್ಪುಕುಳಿಯ ಗಡಿಯ ಸುತ್ತ ಕ್ವಾಂಟಂ ಕ್ಷೇತ್ರಗಳು ಹೇಗೆ ವರ್ತಿಸುತ್ತವೆ ಎಂದು ಅವರೇ ಲೆಕ್ಕ ಹಾಕಿದಾಗ, ಕಪ್ಪುಕುಳಿಯು ಕಾದ ಕಾಯದಂತೆ ವಿಕಿರಣವನ್ನು ಹೊರಸೂಸಿ, ಆ ಶಕ್ತಿಯ ಬೆಲೆಯನ್ನು ತನ್ನ ದ್ರವ್ಯರಾಶಿಯಿಂದಲೇ ತೆರುತ್ತದೆ ಎಂಬ ಫಲಿತಾಂಶ ಬಂತು. 1974ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಆ ಫಲಿತಾಂಶವೇ ಈ ಪುಟದ ಅಡಿಪಾಯ.

ಸೂರ್ಯನಷ್ಟು ದ್ರವ್ಯರಾಶಿಯನ್ನು ತುಂಬಿದರೆ ಉಷ್ಣತೆ ಸುಮಾರು 0.00000006 ಕೆಲ್ವಿನ್ ಎಂದು ಬರುತ್ತದೆ. ಆಯುಷ್ಯವು ಒಂದರ ಮುಂದೆ 67 ಸೊನ್ನೆಗಳನ್ನು ಇಟ್ಟಷ್ಟು ವರ್ಷಗಳ ಆಸುಪಾಸಿನಲ್ಲಿರುತ್ತದೆ. ವಿಶ್ವಕ್ಕೆ ಈಗ ಆಗಿರುವ ವಯಸ್ಸು ಸುಮಾರು 1,380 ಕೋಟಿ ವರ್ಷ ಮಾತ್ರ. ದ್ರವ್ಯರಾಶಿಯನ್ನು ಇಮ್ಮಡಿಗೊಳಿಸಿದರೆ ಉಷ್ಣತೆ ಅರ್ಧಕ್ಕೆ ಇಳಿಯುತ್ತದೆ, ಹೊರಸೂಸುವ ಶಕ್ತಿ ಕಾಲು ಭಾಗವಾಗುತ್ತದೆ, ಆಯುಷ್ಯ ಎಂಟು ಪಟ್ಟು ಬೆಳೆಯುತ್ತದೆ. ಒಲೆಯಿಂದ ಇಳಿಸಿದ ಪಾತ್ರೆ ಶಾಖ ಕಳೆದುಕೊಂಡಂತೆ ತಣ್ಣಗಾದರೆ, ಕಪ್ಪುಕುಳಿ ಶಕ್ತಿಯನ್ನು ಕಳೆದುಕೊಂಡಷ್ಟೂ ಹೆಚ್ಚು ಬಿಸಿಯಾಗಿ ಇನ್ನಷ್ಟು ವೇಗವಾಗಿ ಕರಗುತ್ತದೆ. ಪಠ್ಯದಲ್ಲಿ ಓದಿದಾಗ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಮಾತು, ಅಂಕಿಗಳನ್ನು ನಾವೇ ಇಳಿಸುತ್ತ ಹೋದಾಗ ಮನಸ್ಸಿನಲ್ಲಿ ನಿಲ್ಲುತ್ತದೆ. ಸರಳ ಸೂತ್ರದ ಪ್ರಕಾರ ಸುಮಾರು 230 ಟನ್ನಿಗೆ ಇಳಿದ ಕಪ್ಪುಕುಳಿಗೆ ಉಳಿಯುವುದು ಒಂದೇ ಸೆಕೆಂಡು.

ಆಯುಷ್ಯದ ಅಂಕಿಯನ್ನು ಮಾತ್ರ ಎಚ್ಚರದಿಂದ ಓದಬೇಕು. ಕಪ್ಪುಕುಳಿ ತಿರುಗುತ್ತಿಲ್ಲ, ಅದಕ್ಕೆ ವಿದ್ಯುದಾವೇಶವಿಲ್ಲ, ಸುತ್ತಲೂ ಬರಿದಾದ ಆಕಾಶವಿದೆ ಎಂಬ ಊಹೆಗಳ ಮೇಲೆ ಆ ಲೆಕ್ಕ ನಿಂತಿದೆ. ನಿಜವಾದ ಆಕಾಶವು ವಿಶ್ವದ ಆರಂಭಕಾಲದಿಂದ ಉಳಿದುಬಂದ, 2.725 ಕೆಲ್ವಿನ್ ಉಷ್ಣತೆಯ ಹಿನ್ನೆಲೆ ವಿಕಿರಣದಿಂದ ತುಂಬಿದೆ. ಉಷ್ಣತೆಯ ಚೌಕದಲ್ಲಿ ಈ ಅಂಕಿಯನ್ನೇ ತುಂಬಿ ನೋಡಬೇಕೆಂದು ಪ್ರತಿಯೊಬ್ಬ ಓದುಗರಿಗೂ ಹೇಳುತ್ತೇನೆ: ಬರುವ ದ್ರವ್ಯರಾಶಿ ನಮ್ಮ ಚಂದ್ರನಿಗಿಂತ ಕಡಿಮೆ, ತ್ರಿಜ್ಯ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಅದಕ್ಕಿಂತ ಭಾರವಾದ ಕಪ್ಪುಕುಳಿಗಳೆಲ್ಲ, ಅಂದರೆ ನಕ್ಷತ್ರಗಳು ಕುಸಿದು ಹುಟ್ಟಿದವೂ ನಮ್ಮ ಆಕಾಶಗಂಗೆಯ ನಡುವೆ ಇರುವ, ಸುಮಾರು 43 ಲಕ್ಷ ಸೂರ್ಯರಷ್ಟು ತೂಗುವ ದೈತ್ಯವೂ, ಇಂದು ಬಿಟ್ಟುಕೊಡುವುದಕ್ಕಿಂತ ಹೆಚ್ಚು ಶಕ್ತಿಯನ್ನು ಹೀರಿಕೊಳ್ಳುತ್ತಿವೆ. ವಿಶ್ವವು ಹಿಗ್ಗಿ ಆ ಹಿನ್ನೆಲೆ ಸಾಕಷ್ಟು ತಣಿದ ಮೇಲೆಯೇ ಅವು ಕರಗತೊಡಗುತ್ತವೆ.

ವಿಶ್ವದ ಆರಂಭದಲ್ಲಿ ಪುಟ್ಟ ಕಪ್ಪುಕುಳಿಗಳು ಹುಟ್ಟಿದ್ದರೆ ಅವುಗಳ ಕೊನೆಯ ಸ್ಫೋಟ ಈಗ ಗಾಮಾ ಕಿರಣಗಳಲ್ಲಿ ಕಾಣಬೇಕಿತ್ತು. ಬಾಹ್ಯಾಕಾಶದಿಂದ ಗಾಮಾ ಕಿರಣಗಳನ್ನು ಗಮನಿಸುವ ಫರ್ಮಿ ದೂರದರ್ಶಕದ ಮಾಹಿತಿಯಲ್ಲಿ ಹುಡುಕಿದವರಿಗೆ ಅಂಥದ್ದು ಖಚಿತವಾಗಿ ಸಿಕ್ಕಿಲ್ಲ. ಹೀಗಾಗಿ ಇಲ್ಲಿನ ಉಷ್ಣತೆ ಮತ್ತು ಆಯುಷ್ಯದ ಅಂಕಿಗಳು ಸಿದ್ಧಾಂತದ ಅಂಕಿಗಳೇ ಹೊರತು ಅಳತೆಗಳಲ್ಲ.

ಪುಟ ಇಂಗ್ಲಿಷಿನಲ್ಲಿದ್ದರೂ ಪಿಯುಸಿ ವಿಜ್ಞಾನ ಓದಿದವರಿಗೆ ತೊಡಕಾಗದು. ಪದವಿ ತರಗತಿಯ ಅಧ್ಯಾಪಕರು ಸೂತ್ರವನ್ನು ಹಲಗೆಯ ಮೇಲೆ ಬರೆದ ನಂತರ ಇದನ್ನು ಬಳಸಿದರೆ ಹೆಚ್ಚು ಪ್ರಯೋಜನ. ಸುತ್ತಲಿನ ಆಕಾಶದ ಉಷ್ಣತೆಯನ್ನು ತುಂಬಲು ಇನ್ನೊಂದು ಚೌಕವಿದ್ದಿದ್ದರೆ ಆಯುಷ್ಯದ ಅಂಕಿಯ ಬಗೆಗಿನ ನನ್ನ ಆಕ್ಷೇಪಣೆ ಬಹುಮಟ್ಟಿಗೆ ತೀರುತ್ತಿತ್ತು.